ದಾಟದವರ ಲೆಕ್ಕ

ಇದು ಮೈಸೂರಿನ ನಮ್ಮ ಬಡಾವಣೆಯ ಸಮುದಾಯ ಭವನದಲ್ಲಿ ಒಂದು ಭಾನುವಾರ ಬೆಳಿಗ್ಗೆ ಆಡಿದ ಮಾತು. ಬಾಯಿಗೆ ಬಂದದ್ದನ್ನು ಹಾಗೇ ಬರೆದರೆ ಓದುವವರಿಗೆ ಕಷ್ಟ, ಅದಕ್ಕೇ ಅಲ್ಲಲ್ಲಿ ತಿದ್ದಿದ್ದೇನೆ. ನಾನು ಪಾಲಿಟೆಕ್ನಿಕ್ ಒಂದರಲ್ಲಿ ಸಿವಿಲ್ ಪಾಠ ಮಾಡಿ ನಿವೃತ್ತನಾದವನು. ಪೊಲೀಸನೂ ಅಲ್ಲ, ಪಾಲಿಕೆಯವನೂ ಅಲ್ಲ. ಹುಡುಗರನ್ನು ಕಟ್ಟಿಕೊಂಡು ರಸ್ತೆ ಬದಿ ನಿಂತು ಗಾಡಿ ಎಣಿಸಿದ್ದೇ ನನ್ನ ಅನುಭವ.

ನಮಸ್ಕಾರ. ಕಾಫಿ ಕೊನೆಗೆ ಕೊಡುತ್ತಾರಂತೆ. ಹಾಗಾಗಿ ಯಾರೂ ಮಧ್ಯದಲ್ಲಿ ಎದ್ದು ಹೋಗುವುದಿಲ್ಲ ಎಂಬ ಧೈರ್ಯದ ಮೇಲೆ ಶುರು ಮಾಡುತ್ತೇನೆ.

ನಮ್ಮ ಬೀದಿಯಲ್ಲಿ ಒಬ್ಬರು ಅಜ್ಜಿ ಇದ್ದಾರೆ. ಇವತ್ತು ಇಲ್ಲೇ ಎರಡನೇ ಸಾಲಿನಲ್ಲಿ ಕೂತಿದ್ದಾರೆ. ಹೆಸರು ಹೇಳಬೇಡ ಎಂದು ಮೊದಲೇ ತಾಕೀತು ಮಾಡಿದ್ದಾರೆ. ಅವರ ಮನೆ ಜಗಲಿಯಿಂದ ನೋಡಿದರೆ ಎದುರಿಗೇ ಸೊಪ್ಪಿನ ಅಂಗಡಿ ಕಾಣುತ್ತದೆ. ನಡುವೆ ದೊಡ್ಡ ರಸ್ತೆ, ಮಧ್ಯದಲ್ಲಿ ಡಿವೈಡರ್. ಅಜ್ಜಿ ಆ ಅಂಗಡಿಗೆ ಆಟೋದಲ್ಲಿ ಹೋಗುತ್ತಾರೆ. ಆಟೋ ಮುಂದಿನ ಯು ಟರ್ನ್‌ವರೆಗೆ ಹೋಗಿ, ತಿರುಗಿ, ಎದುರು ಬದಿಗೆ ತಂದು ಇಳಿಸುತ್ತದೆ. ಮಿನಿಮಮ್ ಚಾರ್ಜು. ಬರುವಾಗ ಇನ್ನೊಂದು. ಸೊಪ್ಪಿಗಿಂತ ಆಟೋಗೇ ಜಾಸ್ತಿ. "ಏನಜ್ಜಿ, ಇಷ್ಟು ದೂರಕ್ಕೂ ಆಟೋನಾ?" ಎಂದು ನಾನು ಒಮ್ಮೆ ಕೇಳಿದೆ. "ಚಿಕ್ಕೋಳಿದ್ದಾಗ ಹರಿಗೋಲಲ್ಲಿ ಹೊಳೆ ದಾಟ್ತಿದ್ದೆ ಕಣಪ್ಪ, ಈಗ ಆಟೋದಲ್ಲಿ ರೋಡು ದಾಟ್ತೀನಿ" ಎಂದರು.

ಎಲ್ಲಿ ಸಿಗ್ನಲ್ ಬೇಕು, ಎಲ್ಲಿ ಬೋರ್ಡು ಬೇಕು, ಎಲ್ಲಿ ಜನ ದಾಟಲು ಜಾಗ ಬೇಕು ಎಂದು ಒಂದು ಊರು ಹೇಗೆ ತೀರ್ಮಾನ ಮಾಡುತ್ತದೆ ಎಂಬುದು ಇವತ್ತಿನ ವಿಷಯ. ಆ ತೀರ್ಮಾನದ ಲೆಕ್ಕದಲ್ಲಿ ಈ ಅಜ್ಜಿ ಎಲ್ಲಿ ಬರುತ್ತಾರೆ ಎನ್ನುವುದೇ ನನ್ನ ಪ್ರಶ್ನೆ. ಅವರನ್ನು ಸ್ವಲ್ಪ ನೆನಪಿಟ್ಟುಕೊಂಡಿರಿ, ಮತ್ತೆ ಬರುತ್ತೇನೆ.

ಮೊದಲು ಬೋರ್ಡಿನ ವಿಚಾರ. ನಮ್ಮಲ್ಲಿ ಬೋರ್ಡು ಹಾಕುವುದಕ್ಕೆ ಎಲ್ಲರಿಗೂ ಆಸೆ. ಮನೆ ಗೇಟಿಗೆ 'ನೋ ಪಾರ್ಕಿಂಗ್', ಕೆಳಗೆ ಯಾವುದೋ ಅಂಗಡಿಯ ಜಾಹೀರಾತು. ಅದನ್ನು ನೋಡಿ ಯಾರಾದರೂ ಗಾಡಿ ತೆಗೆದರೆ ಅದು ಅವರ ಒಳ್ಳೆಯತನ, ಕಾನೂನಲ್ಲ. ರಸ್ತೆಗೆ ಬೋರ್ಡು ನೆಡುವ ಅಧಿಕಾರ 1988ರ ಮೋಟಾರು ವಾಹನ ಕಾಯ್ದೆಯ 116ನೇ ಕಲಮಿನಲ್ಲಿದೆ. ಅದು ಸರ್ಕಾರಕ್ಕೆ ಮತ್ತು ಸರ್ಕಾರ ಅಧಿಕಾರ ಕೊಟ್ಟವರಿಗೆ ಸೇರಿದ್ದು. ಯಾವ ಗಾಡಿ ಎಲ್ಲಿ ಓಡಬಾರದು ಎಂದು ತಡೆಯುವುದು 115ನೇ ಕಲಮು. ವೇಗದ ಮಿತಿ 112ರಲ್ಲಿ. ಮೈಸೂರು ನಗರದಲ್ಲಿ ಒನ್ ವೇ, ನೋ ಪಾರ್ಕಿಂಗ್ ಎಂದೆಲ್ಲ ಪೊಲೀಸ್ ಕಮಿಷನರ್ ಅಧಿಸೂಚನೆ ಹೊರಡಿಸುತ್ತಾರಲ್ಲ, ಅದು ಈ ದಾರಿಯಲ್ಲೇ ಬರುವುದು. ಮೊದಲು ಕಾಗದ, ಆಮೇಲೆ ಕಂಬ.

ಆ ಕಾಗದಕ್ಕೆ ಎಷ್ಟು ಶಕ್ತಿ ಇದೆ ಎನ್ನುವುದಕ್ಕೆ ದೂರ ಹೋಗಬೇಕಾಗಿಲ್ಲ. ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ 2023ರ ಮಾರ್ಚ್ 12ರಂದು ಉದ್ಘಾಟನೆ ಆಯಿತು. ಅದೇ ವರ್ಷ ಆಗಸ್ಟ್ 1ರಿಂದ ಅದರ ಮುಖ್ಯ ರಸ್ತೆಗೆ ಬೈಕು, ಆಟೋ, ಟ್ರ್ಯಾಕ್ಟರುಗಳಿಗೆ ಪ್ರವೇಶ ನಿಂತಿತು. ರಸ್ತೆ ಅದೇ, ಡಾಂಬರು ಅದೇ. ಒಂದು ಅಧಿಸೂಚನೆ ಬಂತು, ಮದ್ದೂರಿನಿಂದ ಮಂಡ್ಯಕ್ಕೆ ಬೈಕಲ್ಲಿ ಹೋಗುವವನ ದಾರಿಯೇ ಬದಲಾಯಿತು.

ಬೋರ್ಡಿನ ಆಕಾರಕ್ಕೂ ಒಂದು ಭಾಷೆ ಇದೆ. ದುಂಡಗಿದ್ದರೆ ಅಪ್ಪಣೆ, ಪಾಲಿಸಲೇಬೇಕು. ಮೂರು ಮೂಲೆ ಇದ್ದರೆ ಎಚ್ಚರಿಕೆ. ಚೌಕ ಅಥವಾ ಉದ್ದ ಹಲಗೆ ಇದ್ದರೆ ಮಾಹಿತಿ. ಎರಡು ಮಾತ್ರ ಈ ಗುಂಪಿಗೆ ಸೇರದವು. 'ನಿಲ್ಲಿ' ಎನ್ನುವುದಕ್ಕೆ ಎಂಟು ಮೂಲೆ, 'ದಾರಿ ಬಿಡಿ' ಎನ್ನುವುದಕ್ಕೆ ತಲೆಕೆಳಗಾದ ತ್ರಿಕೋನ. ಧೂಳು ಮೆತ್ತಿಕೊಂಡಿದ್ದರೂ, ಹಿಂದುಗಡೆಯಿಂದ ನೋಡಿದರೂ ಆಕಾರದಿಂದಲೇ ಗುರುತು ಸಿಗಲಿ ಎಂದು ಹಾಗೆ. ಇಂಥ ಬೋರ್ಡು ಎಲ್ಲಿ, ಎಷ್ಟು ದೊಡ್ಡದು, ರಾತ್ರಿ ಎಷ್ಟು ಹೊಳೆಯಬೇಕು ಎಂದು ಬರೆದಿಟ್ಟಿರುವುದು ಇಂಡಿಯನ್ ರೋಡ್ಸ್ ಕಾಂಗ್ರೆಸ್. ಹೆಸರು ನೋಡಿ ರಾಜಕೀಯ ಪಕ್ಷ ಎಂದುಕೊಳ್ಳಬೇಡಿ. ಅದು 1934ರಲ್ಲಿ ಹುಟ್ಟಿದ ಎಂಜಿನಿಯರುಗಳ ಸಂಸ್ಥೆ. ಬೋರ್ಡಿನ ಪುಸ್ತಕಕ್ಕೆ ಐಆರ್‌ಸಿ 67 ಎಂದು ನಂಬರು.

ಬೋರ್ಡು ಜಾಸ್ತಿ ಆದಷ್ಟೂ ಊರು ಸುರಕ್ಷಿತ ಎಂದು ನಾನೂ ಒಂದು ಕಾಲದಲ್ಲಿ ನಂಬಿದ್ದೆ. ಈಗ ಇಲ್ಲ. ಒಂದೇ ಕಂಬದಲ್ಲಿ ಶಾಲೆ, ತಿರುವು, ಹಂಪು, ನೋ ಹಾರ್ನ್, ಅದರ ಮೇಲೆ ಯಾರದೋ ಹುಟ್ಟುಹಬ್ಬದ ಫ್ಲೆಕ್ಸು. ಬೈಕಿನವನಿಗೆ ಅದನ್ನು ಓದಲು ಸಿಗುವುದು ಒಂದೆರಡು ಸೆಕೆಂಡು. ಅವನು ಏನನ್ನೂ ಓದುವುದಿಲ್ಲ. ಬೋರ್ಡು ಮುಚ್ಚುವುದು, ಕೆಡಿಸುವುದು ಅದೇ 116ನೇ ಕಲಮಿನ ಪ್ರಕಾರ ತಪ್ಪು. ಆದರೆ ಹುಟ್ಟುಹಬ್ಬದವರಿಗೆ ಅದನ್ನು ಹೇಳುವವರು ಯಾರು?

ಇನ್ನು ರಸ್ತೆ ಯಾರದು ಎನ್ನುವ ಪ್ರಶ್ನೆ. ಒಂದು ಸಿಗ್ನಲ್ ಕಂಬಕ್ಕೆ ಎಷ್ಟು ಜನ ಯಜಮಾನರು ಗೊತ್ತಾ? ಒಳಗಿನ ರಸ್ತೆ ಪಾಲಿಕೆಯದು. ಹೊಸ ಬಡಾವಣೆ ಇನ್ನೂ ಹಸ್ತಾಂತರ ಆಗಿಲ್ಲದಿದ್ದರೆ ಪ್ರಾಧಿಕಾರದ್ದು. ಕೆಲವು ರಸ್ತೆ ಲೋಕೋಪಯೋಗಿ ಇಲಾಖೆಯದು, ಹೆದ್ದಾರಿ ಆದರೆ ಹೆದ್ದಾರಿಯವರದು. ಕರೆಂಟು ಸೆಸ್ಕ್‌ನದು. ದೀಪಕ್ಕೆ ಅಡ್ಡ ಬಂದ ಮರದ ಕೊಂಬೆ ಕಡಿಯಲು ಬೇರೆಯವರ ಅನುಮತಿ. ಸಿಗ್ನಲ್ ನಡೆಸುವುದು ಸಂಚಾರ ಪೊಲೀಸರು. ಇವರೆಲ್ಲ ಒಂದೇ ಟೇಬಲ್ಲಿಗೆ ಬರುವುದು ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಯಲ್ಲಿ. ನಮ್ಮಲ್ಲಿ ಜಿಲ್ಲಾಧಿಕಾರಿ ಅದರ ಅಧ್ಯಕ್ಷರು. ನಾವು ಅರ್ಜಿ ಕೊಟ್ಟಾಗ "ಅದು ನಮ್ಮ ವ್ಯಾಪ್ತಿಗೆ ಬರಲ್ಲ ಸಾರ್" ಎನ್ನುವ ಉತ್ತರ ಬಂದರೆ ಅವರು ಸುಳ್ಳು ಹೇಳುತ್ತಿದ್ದಾರೆ ಎಂದೇನೂ ಅಲ್ಲ. ಎಷ್ಟೋ ಸಲ ಅದು ನಿಜ.

ಈಗ ಎಣಿಕೆಗೆ ಬರೋಣ. ನನಗೆ ಇಷ್ಟವಾದ ಜಾಗ ಇದು, ಸ್ವಲ್ಪ ಉದ್ದ ಆದರೂ ಸಹಿಸಿಕೊಳ್ಳಿ.

ಜಂಕ್ಷನ್ನಿನಲ್ಲಿ ಏನು ಮಾಡಬೇಕು ಎಂದು ತೀರ್ಮಾನಿಸುವ ಮೊದಲು ಗಾಡಿ ಎಣಿಸಬೇಕು. ಕೈಯಲ್ಲಿ ಪ್ಯಾಡು, ಪೆನ್ಸಿಲ್. ನಾಲ್ಕು ಗೀಟು ಎಳೆದು ಐದನೆಯದನ್ನು ಅಡ್ಡ ಹಾಕುವುದು. ಹದಿನೈದು ನಿಮಿಷಕ್ಕೊಂದು ಹಾಳೆ. ಈಗ ಕ್ಯಾಮೆರಾ ಎಣಿಸುತ್ತದೆ, ಆದರೂ ಕೈಲೆಕ್ಕದ ಮಜಾ ಬೇರೆ. ಬೈಕು, ಕಾರು, ಬಸ್ಸು ಎಲ್ಲವನ್ನೂ ಒಂದೇ ಎಂದು ಕೂಡಲು ಆಗುವುದಿಲ್ಲ. ಅದಕ್ಕೆ ಕಾರನ್ನು ಒಂದು ಎಂದು ಹಿಡಿದು ಉಳಿದದ್ದನ್ನು ಅದರ ಲೆಕ್ಕಕ್ಕೆ ತರುತ್ತಾರೆ. ಪಿಸಿಯು ಎನ್ನುತ್ತಾರೆ. 1990ರ ಐಆರ್‌ಸಿ 106ರಲ್ಲಿ ಇದಕ್ಕೊಂದು ಪಟ್ಟಿ ಇದೆ. ಬೈಕು ಅರ್ಧ. ಸೈಕಲ್ಲು 0.4. ಆಟೋ 1.2. ಬಸ್ಸು, ಲಾರಿ 2.2. ಟ್ರ್ಯಾಕ್ಟರ್ ಟ್ರೈಲರ್ 4. ಆಯಾ ಗಾಡಿಗಳ ಸಂಖ್ಯೆ ಜಾಸ್ತಿ ಇದ್ದರೆ ಈ ಅಂಕಿಯೂ ಏರುತ್ತದೆ. ಮೈಸೂರಿನವರಿಗೆ ಖುಷಿ ಆಗುವ ವಿಷಯ ಏನೆಂದರೆ, ಆ ಪಟ್ಟಿಯಲ್ಲಿ ಟಾಂಗಾ ಕೂಡ ಇದೆ. ಒಂದು ಟಾಂಗಾ ಒಂದೂವರೆ ಕಾರಿಗೆ ಸಮ. ಕೈಗಾಡಿ ಎರಡು ಕಾರಿಗೆ ಸಮ.

ನಡೆದು ಹೋಗುವ ಮನುಷ್ಯ? ಆ ಪಟ್ಟಿಯಲ್ಲಿ ಇಲ್ಲ.

ಅಂದರೆ ನಮ್ಮ ಅಜ್ಜಿ ನಡೆದು ರಸ್ತೆ ದಾಟಿದರೆ ಈ ಲೆಕ್ಕದಲ್ಲಿ ಸೊನ್ನೆ. ಆಟೋ ಹತ್ತಿದ ತಕ್ಷಣ 1.2. ಬರುವಾಗ ಇನ್ನೊಂದು 1.2. ಅಂಗಡಿ ಎದುರಿಗೇ ಇದ್ದರೂ ಅವರಿಂದಾಗಿ ರಸ್ತೆಯಲ್ಲಿ ಎರಡು ಕಾರಿಗಿಂತ ಜಾಸ್ತಿ ವಾಹನ ಓಡಿದಂತೆ ದಾಖಲಾಗುತ್ತದೆ. ಆ ದಾಖಲೆ ನೋಡಿ "ಇಲ್ಲಿ ವಾಹನ ದಟ್ಟಣೆ ಹೆಚ್ಚಿದೆ, ರಸ್ತೆ ಅಗಲ ಮಾಡಬೇಕು" ಎನ್ನುತ್ತೇವೆ. ಅಗಲ ಮಾಡಿದ ಮೇಲೆ ಅಜ್ಜಿಯ ಪಕ್ಕದ ಮನೆಯವರೂ ಆಟೋ ಹತ್ತುತ್ತಾರೆ.

ಪಾದಚಾರಿಗಳನ್ನು ಎಣಿಸುವುದೇ ಇಲ್ಲ ಎಂದರೆ ಅನ್ಯಾಯವಾದೀತು. ಅದಕ್ಕೆ ಬೇರೆ ಪುಸ್ತಕ ಇದೆ, ಐಆರ್‌ಸಿ 103. ಅದರಲ್ಲೊಂದು ಸಣ್ಣ ಸೂತ್ರ. ದಟ್ಟಣೆ ಹೊತ್ತಿನಲ್ಲಿ ಗಂಟೆಗೆ ಎಷ್ಟು ಜನ ದಾಟುತ್ತಾರೆ, ಅದನ್ನು ಗಂಟೆಗೆ ಓಡುವ ವಾಹನಗಳ ಸಂಖ್ಯೆಯ ವರ್ಗದಿಂದ ಗುಣಿಸಿ. ಡಿವೈಡರ್ ಇಲ್ಲದ ರಸ್ತೆಯಲ್ಲಿ ಉತ್ತರ 10 ಕೋಟಿ ದಾಟಿದರೆ, ಡಿವೈಡರ್ ಇದ್ದರೆ 20 ಕೋಟಿ ದಾಟಿದರೆ, ಅಲ್ಲಿ ಜನ ದಾಟಲು ಸಿಗ್ನಲ್ಲಿನಂಥ ವ್ಯವಸ್ಥೆ ಬೇಕು ಎಂದು ಅರ್ಥ. ಕೋಟಿ ಎಂದ ತಕ್ಷಣ ಹೆದರಬೇಡಿ, ಇದು ದುಡ್ಡಲ್ಲ.

ಸುಮ್ನೆ ಒಂದು ಉದಾಹರಣೆ. ಡಿವೈಡರ್ ಇರುವ ರಸ್ತೆ, ಗಂಟೆಗೆ 1,200 ವಾಹನ ಎಂದು ಹಿಡಿಯಿರಿ. 1,200ರ ವರ್ಗ 14 ಲಕ್ಷದ 40 ಸಾವಿರ. ಗಂಟೆಗೆ 100 ಜನ ದಾಟಿದರೆ ಉತ್ತರ 14 ಕೋಟಿ 40 ಲಕ್ಷ. 20 ಕೋಟಿಗೆ ಕಡಿಮೆ. ಅರ್ಜಿ ವಾಪಸ್. 140 ಜನ ದಾಟಿದರೆ 20 ಕೋಟಿ 16 ಲಕ್ಷ. ಪಾಸ್. ಈಗ ಹೇಳಿ, ಆ 40 ಜನ ಎಲ್ಲಿ ಹೋದರು? ಒಬ್ಬರು ಆಟೋದಲ್ಲಿ ಹೋದರು. ಒಬ್ಬರು ಮಗ ಬರುವವರೆಗೆ ಕಾದರು. ಒಬ್ಬ ಹುಡುಗಿಯನ್ನು ಅವಳಪ್ಪ ಸ್ಕೂಟರಿನಲ್ಲಿ ಶಾಲೆಗೆ ಬಿಟ್ಟರು, ಶಾಲೆ ಎದುರಿಗೇ ಇದ್ದರೂ. ರಸ್ತೆ ಭಯ ಹುಟ್ಟಿಸಿದಷ್ಟೂ ದಾಟುವವರು ಕಡಿಮೆ. ದಾಟುವವರು ಕಡಿಮೆ ಆದಷ್ಟೂ ಸಿಗ್ನಲ್ಲಿಗೆ ಅರ್ಹತೆ ಕಡಿಮೆ. ಸೂತ್ರ ಬರೆದವರು ಕೆಟ್ಟವರಲ್ಲ. ಅವರು ಎಣಿಸಲು ಹೇಳಿದ್ದು ಕಣ್ಣಿಗೆ ಕಂಡವರನ್ನು. ನಮ್ಮ ಅಜ್ಜಿ ಕಂಡರೆ ತಾನೇ?

ಎಣಿಕೆಯ ದಿನ ಯಾವುದು ಎನ್ನುವುದೂ ಮುಖ್ಯ. ಇದರಲ್ಲಿ ನಾನೇ ಒಮ್ಮೆ ಮುಗ್ಗರಿಸಿದ್ದೇನೆ. ಕೆಲಸಕ್ಕೆ ಸೇರಿದ ಹೊಸತು. ಚಾಮುಂಡಿ ಬೆಟ್ಟದ ಕಡೆಗೆ ಹೋಗುವ ಒಂದು ಜಂಕ್ಷನ್ನಿಗೆ ಹುಡುಗರನ್ನು ಕಳಿಸಿದೆ. ಬೆಳಿಗ್ಗೆ ಐದಕ್ಕೇ ನಿಂತವು ಪಾಪ. ಹಾಳೆ ತಂದು ಕೊಟ್ಟರೆ ಗೀಟುಗಳಿಗೆ ಜಾಗವೇ ಸಾಲದೆ ಹಿಂದುಗಡೆಯೂ ಎಳೆದಿದ್ದಾರೆ. ನಾನು ಭಾರಿ ಸಂಶೋಧನೆ ಮಾಡಿದೆ ಎಂದು ಹಿಗ್ಗಿ, ವರದಿ ಬರೆಯಲು ಕೂತೆ. ನಮ್ಮ ಲ್ಯಾಬಿನ ಅಟೆಂಡರ್ ಟೇಬಲ್ ಒರೆಸುತ್ತಾ ಹಾಳೆ ಕಡೆ ನೋಡಿದ. "ಸಾರ್, ಇವತ್ತು ಆಷಾಢ ಶುಕ್ರವಾರ ಅಲ್ವಾ?" ಎಂದ. ಅಷ್ಟೇ. ಊರಿಗೆ ಊರೇ ಬೆಟ್ಟಕ್ಕೆ ಹೊರಟ ದಿನ ನಾನು ಸಾಮಾನ್ಯ ದಿನದ ಲೆಕ್ಕ ತೆಗೆಯಲು ಹೊರಟಿದ್ದೆ. ಆ ಹಾಳೆಗಳನ್ನು ಇನ್ನೂ ಇಟ್ಟುಕೊಂಡಿದ್ದೇನೆ.

ಸಿಗ್ನಲ್ಲಿಗೂ ಇಂಥದ್ದೇ ಅಳತೆಗಳಿವೆ. ದಿನದ ಎಂಟು ಗಂಟೆಗಳ ಸರಾಸರಿ ದಟ್ಟಣೆ, 12 ತಿಂಗಳಲ್ಲಿ 5 ಅಥವಾ ಹೆಚ್ಚು ಅಪಘಾತ, ಹೀಗೆ. ಒಂದು ಮುಂಜಾನೆ ಅರ್ಧ ಗಂಟೆ ಜಾಮ್ ಆಯಿತು ಎಂದು ಸಿಗ್ನಲ್ ಹಾಕಿದರೆ ಉಳಿದ ಹೊತ್ತೆಲ್ಲ ಖಾಲಿ ರಸ್ತೆಗೆ ಕೆಂಪು ತೋರಿಸಬೇಕಾಗುತ್ತದೆ. ಖಾಲಿ ರಸ್ತೆಯ ಕೆಂಪನ್ನು ಜನ ಎಷ್ಟು ದಿನ ಗೌರವಿಸುತ್ತಾರೆ? ಮೊದಲು ಒಬ್ಬ ನುಗ್ಗುತ್ತಾನೆ, ಆಮೇಲೆ ಅದೇ ಅಭ್ಯಾಸ. ಜಗತ್ತಿನ ಮೊದಲ ಸಂಚಾರ ಸಿಗ್ನಲ್ 1868ರಲ್ಲಿ ಲಂಡನ್ನಿನ ಪಾರ್ಲಿಮೆಂಟ್ ಹತ್ತಿರ ಬಂತು. ಗ್ಯಾಸ್ ದೀಪದ್ದು, ಪೊಲೀಸನೊಬ್ಬ ಕೈಯಲ್ಲಿ ನಡೆಸಬೇಕಿತ್ತು. ಮರುತಿಂಗಳೇ ಗ್ಯಾಸ್ ಸೋರಿ ಸಿಡಿದು ಆ ಪೊಲೀಸನಿಗೇ ಗಾಯವಾಯಿತು. ಸಿಗ್ನಲ್ ಪಕ್ಕ ನಿಲ್ಲುವವರ ಕಷ್ಟ ಅವತ್ತಿನಿಂದಲೇ ಶುರು.

ಸಿಗ್ನಲ್ಲಿನ ಸೆಕೆಂಡಿನ ಲೆಕ್ಕವನ್ನೂ ಸ್ವಲ್ಪ ಹತ್ತಿರದಿಂದ ನೋಡಿ. ಮನುಷ್ಯ ಸೆಕೆಂಡಿಗೆ 1.2 ಮೀಟರ್ ನಡೆಯುತ್ತಾನೆ ಎಂದು ಹಿಡಿಯುತ್ತಾರೆ. 18 ಮೀಟರ್ ಅಗಲದ ರಸ್ತೆಗೆ 15 ಸೆಕೆಂಡು ಆಯಿತು. ಮಂಡಿ ನೋವಿರುವವರು ಸೆಕೆಂಡಿಗೆ 0.8 ಮೀಟರ್ ನಡೆದರೆ? 22.5 ಸೆಕೆಂಡು ಬೇಕು. 15 ಸೆಕೆಂಡು ಮುಗಿದಾಗ ಅವರು 12 ಮೀಟರ್ ನಡೆದಿರುತ್ತಾರೆ, ಇನ್ನೂ 6 ಮೀಟರ್ ಬಾಕಿ. ಆಗ ಹಾರ್ನ್ ಶುರು. ಇಲ್ಲಿ ಕೂತ ಎಷ್ಟೋ ಜನಕ್ಕೆ ಆ 6 ಮೀಟರಿನ ಅನುಭವ ಇದೆ, ತಲೆ ಅಲ್ಲಾಡಿಸುತ್ತಿದ್ದೀರಿ. ಹಾಗಂತ ಎಲ್ಲ ಕಡೆಗೂ ಹಸಿರು ಜಾಸ್ತಿ ಕೊಡಿ ಎಂದರೆ ಎಲ್ಲ ಕಡೆಗೂ ಕೆಂಪೂ ಜಾಸ್ತಿ ಆಗುತ್ತದೆ, ಕಾಯುವವರಿಗೆ ತಾಳ್ಮೆ ಕೆಡುತ್ತದೆ. ಇದಕ್ಕಿಂತ ಸುಲಭದ ದಾರಿ, ದಾಟುವ ಅಗಲವನ್ನೇ ಕಡಿಮೆ ಮಾಡುವುದು. ಮೂಲೆಯಲ್ಲಿ ಫುಟ್‌ಪಾತನ್ನು ಒಂದಿಷ್ಟು ಮುಂದಕ್ಕೆ ತರುವುದು, ಡಿವೈಡರಿನ ನಡುವೆ ನಿಲ್ಲಲು ಜಾಗ ಕೊಡುವುದು. ಅಷ್ಟು ಮಾಡಿದರೆ ಒಂದು ದೊಡ್ಡ ಹೊಳೆ ಎರಡು ಸಣ್ಣ ತೊರೆ ಆಗುತ್ತದೆ.

ಮೂಲೆ ಎಂದೆನಲ್ಲ, ನಮ್ಮ 'ಫ್ರೀ ಲೆಫ್ಟ್' ಬಗ್ಗೆ ನನಗೆ ತುಂಬಾ ತಕರಾರಿದೆ. ಎಡಕ್ಕೆ ತಿರುಗುವ ಮೂಲೆಯನ್ನು ದೊಡ್ಡ ಬಳುಕು ಮಾಡಿ ಬಿಟ್ಟಿರುತ್ತಾರೆ. ಗಾಡಿ ಬ್ರೇಕ್ ಮುಟ್ಟದೇ ಜಾರಿಕೊಂಡು ಹೋಗುತ್ತದೆ. ಸಿಗ್ನಲ್ ಕೆಂಪಿದ್ದರೂ ಆ ಮೂಲೆಯಲ್ಲಿ ನಡೆಯುವವನಿಗೆ ಹಸಿರು ಅನ್ನುವುದೇ ಇಲ್ಲ. ವೇಗದ ಲೆಕ್ಕ ಎಲ್ಲರಿಗೂ ಗೊತ್ತಿರಬೇಕು. 30 ಕಿಲೋಮೀಟರ್ ವೇಗ 60 ಆದರೆ ಪೆಟ್ಟಿನ ಶಕ್ತಿ ಎರಡರಷ್ಟಲ್ಲ, ನಾಲ್ಕರಷ್ಟು. ಸರಾಸರಿ ವೇಗ ಶೇಕಡಾ 1ರಷ್ಟು ಏರಿದರೆ ಸಾವಿನ ಅಪಘಾತದ ಸಂಭವ ಸುಮಾರು ಶೇಕಡಾ 4ರಷ್ಟು ಏರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬೋರ್ಡಿನಲ್ಲಿ 30 ಎಂದು ಬರೆದು ರಸ್ತೆಯನ್ನು 60ಕ್ಕೆ ಕಟ್ಟಿದರೆ ಚಾಲಕ ರಸ್ತೆಯ ಮಾತನ್ನೇ ಕೇಳುತ್ತಾನೆ.

ಮೈಸೂರಿಗೆ ಸರ್ಕಲ್ ಎಂದರೆ ಅಭಿಮಾನ. ಕೆ.ಆರ್. ಸರ್ಕಲ್, ಚಾಮರಾಜ ಸರ್ಕಲ್, ನಾವಿನ್ನೂ ಹಾರ್ಡಿಂಜ್ ಎಂದೇ ಕರೆಯುವ ಜಯಚಾಮರಾಜ ಒಡೆಯರ್ ಸರ್ಕಲ್. ಇವು ಊರಿನ ಅಂದಕ್ಕೆ, ಅರಮನೆಯ ಗತ್ತಿಗೆ ತಕ್ಕಂತೆ ಬೆಳೆದವು. ಟಾಂಗಾ, ಸೈಕಲ್ಲಿನ ಕಾಲಕ್ಕೆ ಸರಿಯಾಗಿದ್ದವು. ಆದರೆ ಸರ್ಕಲ್ಲಿನ ಮೂಲ ತತ್ವ ಬಹಳ ಒಳ್ಳೆಯದು. ನಾಲ್ಕು ರಸ್ತೆ ನೇರವಾಗಿ ಕೂಡಿದರೆ ಗಾಡಿಗಳ ದಾರಿ 32 ಕಡೆ ಒಂದಕ್ಕೊಂದು ತಾಗುತ್ತದೆ. ಅದೇ ಜಾಗದಲ್ಲಿ ಸಣ್ಣ ರೌಂಡಬೌಟ್ ಇದ್ದರೆ 8 ಕಡೆ ಮಾತ್ರ. ಎದುರುಬದುರು ಗುದ್ದುವುದು ಹೆಚ್ಚುಕಡಿಮೆ ನಿಂತೇ ಹೋಗುತ್ತದೆ. ಬ್ರಿಟನ್ 1966ರಲ್ಲಿ ಒಂದು ಸಣ್ಣ ನಿಯಮ ತಂದಿತು, ಒಳಗೆ ಸುತ್ತುತ್ತಿರುವವರಿಗೆ ಹೊರಗಿನಿಂದ ಬರುವವರು ದಾರಿ ಬಿಡಬೇಕು ಅಂತ. ಆಮೇಲೆ ರೌಂಡಬೌಟ್ ಸಿಕ್ಕಿಕೊಳ್ಳುವುದು ತಪ್ಪಿತು. ನಮ್ಮಲ್ಲಿ ಉಲ್ಟಾ. ಹೊರಗಿನವನು ನುಗ್ಗುತ್ತಾನೆ, ಒಳಗಿನವನು ಬ್ರೇಕ್ ಹಾಕುತ್ತಾನೆ, ಎಲ್ಲರೂ ಸೇರಿ ಗಂಟು ಹಾಕಿಕೊಳ್ಳುತ್ತಾರೆ. ಆಮೇಲೆ "ಸರ್ಕಲ್ ತೆಗೆದು ಸಿಗ್ನಲ್ ಹಾಕಿ" ಎನ್ನುತ್ತೇವೆ. ನನ್ನ ಅಭಿಪ್ರಾಯ ಕೇಳಿದರೆ, ಬಡಾವಣೆ ಒಳಗಿನ ಎಷ್ಟೋ ಜಂಕ್ಷನ್ನಿಗೆ ಸಿಗ್ನಲ್ ಬೇಡ. ಒಂದು ಸಣ್ಣ ದುಂಡು ಕಟ್ಟೆ, ಬಿಗಿಯಾದ ಮೂಲೆ ಸಾಕು.

ಮತ್ತೆ ಹಂಪು! ಹಂಪಿನ ಹೆಸರು ಎತ್ತದೆ ಇಂಥ ಸಭೆ ಮುಗಿಯುವುದುಂಟೇ? ಐಆರ್‌ಸಿ 99ರಲ್ಲಿ ಹಳೆಯ ಅಳತೆ ಇದೆ. ಅಗಲ 3.7 ಮೀಟರ್, ಎತ್ತರ 10 ಸೆಂಟಿಮೀಟರ್, ನಿಧಾನವಾಗಿ ಏರಿ ಇಳಿಯುವ ಬೆನ್ನು. ಗಂಟೆಗೆ 25 ಕಿಲೋಮೀಟರಿನಲ್ಲಿ ಹೋದರೆ ಮೈಗೆ ಏನೂ ಆಗದು. 3.7 ಮೀಟರ್ ಎಂದರೆ ಹೆಚ್ಚುಕಡಿಮೆ ಒಂದು ಸಣ್ಣ ಕಾರಿನ ಉದ್ದ. ನಮ್ಮ ಬೀದಿಗಳಲ್ಲಿ ರಾತ್ರೋರಾತ್ರಿ ಏಳುವುದು ಹಂಪಲ್ಲ, ಅದು ಹೊಸ್ತಿಲು. ಬಣ್ಣ ಇಲ್ಲ, ಮುಂಚೆ ಬೋರ್ಡಿಲ್ಲ. ಅದರ ಮೇಲೆ ಹಾರಿ ಬಿದ್ದವರನ್ನು ನೋಡಿದ ಮೇಲೆ ಪಕ್ಕದ ಬೀದಿಯವರು "ನಮಗೂ ಒಂದು ಹಾಕಿಕೊಡಿ" ಎನ್ನುತ್ತಾರೆ.

ಈಗ ಹೇಳಲು ಮನಸ್ಸಿಲ್ಲದ ಭಾಗ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491. ಅದರಲ್ಲಿ ನಡೆದು ಹೋಗುತ್ತಿದ್ದವರು 32,825. ಇಂಥ ಅಪಘಾತಗಳ ವಿವರ ಈಗ ಪೊಲೀಸರು ಸ್ಥಳದಿಂದಲೇ ಆ್ಯಪ್‌ಗೆ ಹಾಕುತ್ತಾರೆ. ಒಂದೇ ಜಾಗದಲ್ಲಿ ಮತ್ತೆ ಮತ್ತೆ ಆದರೆ ಅದಕ್ಕೆ 'ಬ್ಲಾಕ್ ಸ್ಪಾಟ್' ಎಂದು ಹೆಸರು. ರಾಷ್ಟ್ರೀಯ ಹೆದ್ದಾರಿಗೆ ಕೇಂದ್ರ ಇಟ್ಟ ಅಳತೆ ಹೀಗಿದೆ. ಸುಮಾರು 500 ಮೀಟರ್ ಉದ್ದದಲ್ಲಿ, 3 ವರ್ಷದಲ್ಲಿ, ಸಾವು ಅಥವಾ ತೀವ್ರ ಗಾಯದ 5 ಅಪಘಾತ ಆಗಿರಬೇಕು, ಇಲ್ಲವೇ 10 ಸಾವು ಆಗಿರಬೇಕು. ಪಟ್ಟಿಗೆ ಬಂದ ಮೇಲೆ ದುಡ್ಡು ಬರುತ್ತದೆ, ಕೆಲಸ ಆಗುತ್ತದೆ. ಅದರಲ್ಲಿ ಸಂಶಯ ಇಲ್ಲ. ಆದರೆ ಪಟ್ಟಿಗೆ ಬರಲು ಕೊಡಬೇಕಾದ ಬೆಲೆ ನೋಡಿ. ಅಪಘಾತ ನಾಲ್ಕೇ ಆಗಿದ್ದರೆ ಇನ್ನೊಂದಕ್ಕೆ ಕಾಯಬೇಕೇ?

ಮಂಡ್ಯ ಜಿಲ್ಲೆಯವರು ಇಲ್ಲಿ ಇದ್ದೀರಿ. 2018ರ ನವೆಂಬರ್ 24 ನಿಮಗೆ ನೆನಪಿರುತ್ತದೆ. ಪಾಂಡವಪುರ ತಾಲ್ಲೂಕಿನ ಕನಗನಮರಡಿ ಹತ್ತಿರ ಖಾಸಗಿ ಬಸ್ಸು ವಿ.ಸಿ. ನಾಲೆಗೆ ಬಿದ್ದು 30 ಜನ ಹೋದರು. ಶಾಲೆ ಮುಗಿಸಿ ಮನೆಗೆ ಹೊರಟ ಮಕ್ಕಳೂ ಇದ್ದರು. 2023ರ ಜುಲೈನಲ್ಲಿ ಗಾಮನಹಳ್ಳಿ ಹತ್ತಿರ ಅದೇ ನಾಲೆಗೆ ಕಾರು ಬಿದ್ದು ನಾಲ್ವರು ಹೆಣ್ಣುಮಕ್ಕಳು ಹೋದರು. ತಡೆಗೋಡೆಯ ಮಾತು ಎರಡೂ ಸಲ ಬಂತು. ನಾಲೆ ಏರಿ ಮೇಲೆ ದಿನಾ ಗಾಡಿ ಓಡಿಸುವವನಿಗೆ ಎಲ್ಲಿ ಚಕ್ರ ಜಾರುತ್ತದೆ ಎಂದು ಮೊದಲೇ ಗೊತ್ತಿರುತ್ತದೆ. ಅವನನ್ನು ಕೇಳಿ ಬರೆದುಕೊಳ್ಳುವ ಕಾಲಂ ಯಾವ ಅರ್ಜಿಯಲ್ಲೂ ಇಲ್ಲ.

ಕೇಳುವ ವಿಧಾನ ಇದೆ. ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದವರು ಬೆಳೆಸಿದ್ದು. ಅಪಘಾತ ಎಣಿಸುವ ಬದಲು ಸ್ವಲ್ಪದರಲ್ಲಿ ತಪ್ಪಿದ್ದನ್ನು ಎಣಿಸುವುದು. ಎರಡು ಗಾಡಿ ಇನ್ನೇನು ಗುದ್ದಿದವು, ಒಬ್ಬ ಗಕ್ಕನೆ ಬ್ರೇಕ್ ಹಾಕಿದ, ಉಳಿದರು. ಅದಕ್ಕೊಂದು ಗೀಟು. ದಾಟಲು ಕಾಲಿಟ್ಟ ಹೆಂಗಸು ಹಿಂದಕ್ಕೆ ಹಾರಿದಳು. ಇನ್ನೊಂದು ಗೀಟು. ಸಾವಿಗಾಗಿ 3 ವರ್ಷ ಕಾಯಬೇಕಾಗಿಲ್ಲ, 3 ದಿನದಲ್ಲಿ ಜಂಕ್ಷನ್ನಿನ ಗುಟ್ಟು ಗೊತ್ತಾಗುತ್ತದೆ. ನಾನು ಹುಡುಗರಿಗೆ ಇನ್ನೂ ಸುಲಭದ್ದು ಹೇಳಿಕೊಡುತ್ತಿದ್ದೆ. ಜಂಕ್ಷನ್ನಿಗೆ ಹೋದ ತಕ್ಷಣ ನೆಲ ನೋಡಿ. ಟೈರು ಉಜ್ಜಿದ ಕಪ್ಪು ಗೆರೆ ಎಲ್ಲಿದೆ? ಇಂಡಿಕೇಟರಿನ ಕಿತ್ತಳೆ ಚೂರು ಎಲ್ಲಿ ಬಿದ್ದಿದೆ? ಡಿವೈಡರಿನ ಬಣ್ಣ ಎಲ್ಲಿ ಕೆತ್ತಿ ಹೋಗಿದೆ? ಆಮೇಲೆ ಮೂಲೆ ಅಂಗಡಿಯವನ ಹತ್ತಿರ ಒಂದು ಟೀ ಕುಡಿಯಿರಿ. ಅವನಿಗೆ ಯಾವ ಹೊತ್ತಿಗೆ ಯಾವ ಕಡೆಯಿಂದ ಬಂದವನು ಬೀಳುತ್ತಾನೆ ಎನ್ನುವುದು ಬಾಯಿಪಾಠ.

ಇನ್ನೊಂದು ವಿಷಯ, ಇದನ್ನು ಹೇಳಲೇಬೇಕು. ಏನೇ ಬದಲಾವಣೆ ಮಾಡಿ ಎಂದರೂ "ಆಗಲ್ಲ ಸಾರ್, ಜನ ಒಪ್ಪಲ್ಲ" ಎನ್ನುವ ಉತ್ತರ ಸಿಗುತ್ತದೆ. ಆದರೆ ಇದೇ ಊರು ಪ್ರತಿ ವರ್ಷ ದಸರಾಕ್ಕೆ ಏನು ಮಾಡುತ್ತದೆ? ಅರಮನೆ ಸುತ್ತಲಿನ ರಸ್ತೆಗಳೆಲ್ಲ ಒನ್ ವೇ. ಒಂದು ತಾತ್ಕಾಲಿಕ ಅಧಿಸೂಚನೆ, ಒಂದಿಷ್ಟು ಬ್ಯಾರಿಕೇಡು, ಹಗ್ಗ, ಕೋನು. ಜಂಬೂ ಸವಾರಿ ದಿನ ಅರಮನೆಯಿಂದ ಬನ್ನಿಮಂಟಪದವರೆಗೆ ಗಾಡಿಯೇ ಇಲ್ಲ, ಸಯ್ಯಾಜಿ ರಾವ್ ರಸ್ತೆ ತುಂಬ ಜನ. ನಾವು ಎರಡು ದಿನ ಬೈದುಕೊಳ್ಳುತ್ತೇವೆ, ಮೂರನೇ ದಿನಕ್ಕೆ ಹೊಸ ದಾರಿ ಅಭ್ಯಾಸ ಆಗಿರುತ್ತದೆ. ಅಂದರೆ ಪರೀಕ್ಷೆ ಮಾಡಿ ನೋಡುವ ಕಲೆ ನಮ್ಮ ಪೊಲೀಸರಿಗೆ, ನಮ್ಮ ಜನಕ್ಕೆ ಚೆನ್ನಾಗಿ ಗೊತ್ತು. ವಿಜಯದಶಮಿ ಮುಗಿದ ಮೇಲೆ ಬ್ಯಾರಿಕೇಡು ಲಾರಿ ಹತ್ತುತ್ತದೆ, ಕಲಿತದ್ದೂ ಅದರ ಜೊತೆಗೇ ಗೋಡೌನಿಗೆ ಹೋಗುತ್ತದೆ. ನ್ಯೂಯಾರ್ಕಿನವರು 2009ರಲ್ಲಿ ಟೈಮ್ಸ್ ಸ್ಕ್ವೇರಿನಲ್ಲಿ ಬ್ರಾಡ್‌ವೇಯನ್ನು ಪ್ರಯೋಗಕ್ಕೆಂದು ಗಾಡಿಗಳಿಗೆ ಮುಚ್ಚಿ, ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂರಿಸಿದರು. ಎಣಿಸಿ ನೋಡಿ, ಮರುವರ್ಷ ಅದನ್ನೇ ಕಾಯಂ ಮಾಡಿದರು. ನಮ್ಮಲ್ಲಿ ಒಂದು ಶಾಲೆ ಮುಂದಿನ ಮೂಲೆಯನ್ನು ಹತ್ತು ಕೋನು ಇಟ್ಟು ಎರಡು ವಾರ ಬಿಗಿ ಮಾಡಿ ನೋಡಲು ಏನು ಅಡ್ಡಿ? ಸರಿ ಬರದಿದ್ದರೆ ಕೋನು ಎತ್ತಿಟ್ಟರಾಯಿತು. ಕಾಂಕ್ರೀಟಾದರೆ ಒಡೆಯಬೇಕು.

ಅರ್ಜಿ ಬರೆಯುವವರಿಗೆ ಒಂದು ಮಾತು. "ಇಲ್ಲಿ ಹಂಪು ಹಾಕಿಕೊಡಿ" ಎಂದು ಬರೆಯಬೇಡಿ. ನಾವು ಡಾಕ್ಟರ ಹತ್ತಿರ ಹೋಗಿ ಈ ಮಾತ್ರೆ ಕೊಡಿ ಎಂದಂತೆ ಅದು. ಏನಾಗುತ್ತಿದೆ ಎಂದು ಬರೆಯಿರಿ. ಯಾವ ಹೊತ್ತು, ಯಾವ ಕಡೆಯಿಂದ, ಯಾರಿಗೆ ತೊಂದರೆ, ಫೋಟೋ. ರಸ್ತೆ ಯಾರದು ಎಂದು ಮೊದಲು ತಿಳಿದುಕೊಳ್ಳಿ. ಆ ಜಾಗದ ವಾಹನ ಎಣಿಕೆ ಆಗಿದೆಯೇ, ಯಾವಾಗ ಆಗಿದೆ, ಪಾದಚಾರಿಗಳನ್ನು ಎಣಿಸಿದ್ದಾರೆಯೇ ಎಂದು ಮಾಹಿತಿ ಹಕ್ಕಿನಲ್ಲಿ ಕೇಳಿ. 10 ರೂಪಾಯಿ, 30 ದಿನ. ರಸ್ತೆಯನ್ನೇ ಕೆಟ್ಟದಾಗಿ ಕಟ್ಟಿ ಸಾವು ಅಥವಾ ಅಂಗವೈಕಲ್ಯಕ್ಕೆ ಕಾರಣರಾದವರಿಗೆ 1 ಲಕ್ಷ ರೂಪಾಯಿವರೆಗೆ ದಂಡ ಎಂದು 2019ರ ತಿದ್ದುಪಡಿಯಲ್ಲಿ 198ಎ ಎಂಬ ಕಲಮು ಬಂದಿದೆ. ಅದನ್ನು ಅರ್ಜಿಯಲ್ಲಿ ಬೆದರಿಕೆ ಥರ ಬರೆಯಬೇಡಿ. ಗೊತ್ತಿದೆ ಎಂದು ಕಂಡರೆ ಸಾಕು.

ಮಾತು ಮುಗಿದ ಮೇಲೆ ಪ್ರಶ್ನೆಗಳು ಬಂದವು. ಒಬ್ಬ ಹುಡುಗ, ಡಿಗ್ರಿ ಓದುವವನಿರಬೇಕು, "ಸಾರ್, ದಾಟದೇ ಇರುವವರನ್ನು ಎಣಿಸುವುದು ಹೇಗೆ? ಅವರು ಅಲ್ಲಿ ಇರುವುದೇ ಇಲ್ಲವಲ್ಲ" ಎಂದು ಕೇಳಿದ. ಒಳ್ಳೆಯ ಪ್ರಶ್ನೆ. ಮನೆ ಮನೆಗೆ ಹೋಗಿ ಕೇಳಬೇಕು, ಬೇರೆ ದಾರಿ ಇಲ್ಲ ಎಂದೆ. ಎದುರು ಬದಿಗೆ ವಾರಕ್ಕೆ ಎಷ್ಟು ಸಲ ಹೋಗುತ್ತೀರಿ, ಹೇಗೆ ಹೋಗುತ್ತೀರಿ, ರಸ್ತೆ ಸರಿ ಇದ್ದಿದ್ದರೆ ನಡೆದು ಹೋಗುತ್ತಿದ್ದಿರಾ, ಮೂರೇ ಪ್ರಶ್ನೆ. ಅಲ್ಲೇ ಒಂದು ಹಾಳೆ ತೆಗೆದು ಹೆಸರು ಬರೆದುಕೊಂಡೆವು. ಮುಂದಿನ ಮಂಗಳವಾರ ಬೆಳಿಗ್ಗೆ ಎಂಟಕ್ಕೆ, ಸೊಪ್ಪಿನ ಅಂಗಡಿ ಮುಂದೆ. ಪ್ಯಾಡು ನಾನು ತರುತ್ತೇನೆ, ಪೆನ್ಸಿಲ್ ನೀವೇ ತನ್ನಿ. ಆಷಾಢ ಅಲ್ಲ, ಕ್ಯಾಲೆಂಡರ್ ನೋಡಿಯೇ ಹೇಳುತ್ತಿದ್ದೇನೆ ಎಂದೆ.

ಕಾಫಿ ಲೋಟ ಹಿಡಿದು ಅಜ್ಜಿ ಹತ್ತಿರ ಬಂದರು. "ನನ್ನ ಹೆಸರೂ ಬರ್ಕೋ" ಎಂದರು. ಬರೆದುಕೊಂಡೆ. ಎರಡು ಹೆಜ್ಜೆ ಹೋಗಿ ಮತ್ತೆ ತಿರುಗಿ ನಿಂತರು.

"ಆದ್ರೆ ನಾನು ನಮ್ಮನೆ ಕಡೆ ನಿಂತು ಎಣಿಸ್ತೀನಿ. ಆಚೆ ಕಡೆಗೆ ಬೇರೆ ಯಾರನ್ನಾದ್ರೂ ಹಾಕು."